ಆಪರೇಷನ್ ಯಾಕೆ ಅಂತ ಹುಡುಗನನ್ನೂ ಕೇಳಿ

ಮಕ್ಕಳನ್ನು ಕರೆದುಕೊಂಡು ನನ್ನ ಹತ್ತಿರ ಸಲಹೆಗೆ ಬರುವವರ ಮಾತು "ಓದಿನಲ್ಲಿ ಗಮನ ಇಲ್ಲ", "ಯಾರ ಜೊತೆಗೂ ಸೇರಲ್ಲ" ಅಂತ ಶುರುವಾಗುತ್ತದೆ. ಎದ್ದು ಹೊರಡುವ ಹೊತ್ತಿಗೆ ಅಮ್ಮ ದನಿ ತಗ್ಗಿಸಿ, "ಇನ್ನೊಂದು ವಿಷಯ ಮೇಡಂ, ಇವನಿಗೆ ಚಡ್ಡಿಯಲ್ಲೇ ಆಗಿಬಿಡುತ್ತೆ" ಅನ್ನುತ್ತಾರೆ. ಅಸಲಿ ವಿಷಯ ಅದೇ ಆಗಿರುತ್ತದೆ. ಇಂಥ ಮನೆಗಳು ಮತ್ತೆ ಮತ್ತೆ ಬರುತ್ತವೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಹುಡುಗನಿಗೆ 11 ವರ್ಷ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ, ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅವನು ಹುಟ್ಟುವಾಗ ಗುದದ್ವಾರವೇ ಇರಲಿಲ್ಲ. ಸುಮಾರು 5,000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಹುಟ್ಟಿದ ಎರಡನೇ ದಿನವೇ ಮಲ ಹೋಗಲು ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಕಟ್ಟಿದರು. ಕೆಲವು ತಿಂಗಳಾದ ಮೇಲೆ ಗುದದ್ವಾರ ಮಾಡುವ ದೊಡ್ಡ ಆಪರೇಷನ್ ಆಯಿತು, ಆಮೇಲೆ ಹೊಟ್ಟೆಯ ದಾರಿ ಮುಚ್ಚಿದರು. ಆ ದೊಡ್ಡ ಆಪರೇಷನ್ನಿಗೆ ಮೆಕ್ಸಿಕೋದಲ್ಲಿ ಆಲ್ಬರ್ಟೋ ಪೆನ್ಯಾ ಎಂಬ ಸರ್ಜನ್ 1980ರಲ್ಲಿ ಶುರುಮಾಡಿದ ಕ್ರಮವನ್ನೇ ಇವತ್ತು ನಮ್ಮಲ್ಲೂ ಅನುಸರಿಸುತ್ತಾರೆ. ಆದರೆ ಸರ್ಜನ್ ದಾರಿ ಮಾಡಿಕೊಡಬಹುದು, ಹುಟ್ಟಿನಿಂದಲೇ ಸರಿಯಾಗಿ ಬೆಳೆಯದ ಸ್ನಾಯು, ನರಗಳನ್ನು ತಂದುಕೊಡಲು ಆಗುವುದಿಲ್ಲ. ಬೆನ್ನಿನ ಕೆಳಗಿನ ಮೂಳೆಯೂ ಪೂರ್ತಿ ಬೆಳೆಯದ ಮಕ್ಕಳಿಗೆ ಕಷ್ಟ ಇನ್ನೂ ಜಾಸ್ತಿ. ಇವನು ಆ ಗುಂಪಿನವನು.

ಐದನೇ ವಯಸ್ಸಿನಿಂದ ಅವನಿಗೆ ದಿನಾ ಸಂಜೆ ಅಮ್ಮ ಎನಿಮಾ (ಗುದದ್ವಾರದಿಂದ ಉಪ್ಪುನೀರು ಬಿಟ್ಟು ಕರುಳು ತೊಳೆಯುವುದು) ಕೊಡುತ್ತಿದ್ದರು. ಕರುಳು ಪೂರ್ತಿ ಖಾಲಿಯಾದರೆ ಮಾರನೇ ದಿನ ಶಾಲೆಯಲ್ಲಿ ಏನೂ ಆಗುತ್ತಿರಲಿಲ್ಲ. ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ಸರ್ಜನ್ ಇನ್ನೊಂದು ಆಪರೇಷನ್ ಹೇಳಿದ್ದರು. ಇಂಗ್ಲೆಂಡಿನ ಮೆಲೋನ್ ಎಂಬ ಸರ್ಜನ್ 1990ರಲ್ಲಿ ಪ್ರಕಟಿಸಿದ ವಿಧಾನ ಇದು. ದೊಡ್ಡ ಕರುಳು ಶುರುವಾಗುವ ಕಡೆ ಬಾಲದ ಹಾಗೆ ಇರುವ ಅಪೆಂಡಿಕ್ಸಿನ ತುದಿಯನ್ನು ಹೊಕ್ಕುಳಿಗೆ ತಂದು ಸಣ್ಣ ಬಾಯಿ ಮಾಡುತ್ತಾರೆ. ಅದರಲ್ಲಿ ತೆಳ್ಳನೆಯ ಟ್ಯೂಬು ತೂರಿಸಿ ನೀರು ಬಿಟ್ಟರೆ, ಮೇಲಿನ ಟ್ಯಾಂಕಿನಿಂದ ನೀರು ಬಿಟ್ಟು ಪೈಪು ತೊಳೆದ ಹಾಗೆ, ದೊಡ್ಡ ಕರುಳು ಮೇಲಿನಿಂದ ತೊಳೆದುಕೊಂಡು ಬರುತ್ತದೆ. ಕಕ್ಕಸಿನ ಮೇಲೆ ಕೂತು ಮಗು ತಾನೇ ಮಾಡಿಕೊಳ್ಳಬಹುದು. ಇದರಿಂದ ಹಿಡಿತ ಬರುವುದಿಲ್ಲ. ಎನಿಮಾ ತಪ್ಪುವುದಿಲ್ಲ, ಅದರ ಜಾಗ ಬದಲಾಗುತ್ತದೆ ಅಷ್ಟೆ. ಅದಕ್ಕೇ ಕೆಳಗಿನಿಂದ ಕೊಟ್ಟ ಎನಿಮಾದಿಂದ ಚೆನ್ನಾಗಿ ಸ್ವಚ್ಛವಾಗುವ ಮಕ್ಕಳಿಗೇ ಸಾಮಾನ್ಯವಾಗಿ ಇದನ್ನು ಹೇಳುತ್ತಾರೆ.

ಅಷ್ಟರಲ್ಲಿ ಹುಡುಗ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪರೀಕ್ಷೆ ಬರೆದು 6ನೇ ತರಗತಿಗೆ ಸೀಟು ಪಡೆದಿದ್ದ. ಆಪರೇಷನ್ ಬೇಗ ಮುಗಿಸಿ ಹಾಸ್ಟೆಲ್‌ಗೆ ಸೇರಿಸಬೇಕು ಅಂತ ಅಪ್ಪ. ಆಪರೇಷನ್ ಆದರೆ ಮಗ ಕೈತಪ್ಪಿ ಹೋಗುತ್ತಾನೆ ಅಂತ ಅಮ್ಮ. ಬಾಯಲ್ಲಿ ಮಾತ್ರ "ಮೂರು ಸಲ ಕೊಯ್ದಿದ್ದಾರೆ, ಇನ್ನು ಸಾಕು" ಅನ್ನುತ್ತಿದ್ದರು.

ನಾನು ಇಬ್ಬರನ್ನೂ ಹೊರಗೆ ಕೂರಿಸಿ ಹುಡುಗನ ಜೊತೆ ಮಾತಾಡಿದೆ. ನರ್ಸ್ ಕೊಟ್ಟಿದ್ದ ಒಂದು ಟ್ಯೂಬನ್ನು ಅವನ ಕೈಗೆ ಕೊಟ್ಟೆ. ಬೆರಳಿಗೆ ಸುತ್ತಿ ನೋಡಿದ.

"ಇದನ್ನ ಯಾರು ಹಾಕ್ತಾರೆ?"

"ಮೊದಲು ನರ್ಸ್ ಹೇಳಿಕೊಡ್ತಾರೆ. ಆಮೇಲೆ ನೀನೇ ಹಾಕ್ಕೋಬಹುದು."

"ಅಮ್ಮ?"

"ಬೇಕಿದ್ರೆ ಪಕ್ಕದಲ್ಲಿ ಇರ್ತಾರೆ."

"ಬೇಡ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಬಾಗಿಲ ಹತ್ರನೂ ಬೇಡ. ಅಡುಗೆಮನೆಲಿ ಇರ್ಲಿ. ಚಿಲಕ ನಾನ್ ಹಾಕ್ಕೋತೀನಿ."

"ಹಾಸ್ಟೆಲ್‌ಗೆ ಹೋದ್ರೆ ಅಮ್ಮ ಇರಲ್ಲ ಅಲ್ವಾ?"

ನಾನು ಏನೋ ಪೆದ್ದು ಪ್ರಶ್ನೆ ಕೇಳಿದೆ ಅನ್ನುವಂತೆ ನೋಡಿದ. "ಹಾಸ್ಟೆಲ್ ಯಾಕೆ ಮಿಸ್? ನಾನು ಮನೇಲೇ ಇರ್ತೀನಿ."

ಅಪ್ಪ ಅಮ್ಮ ಇಬ್ಬರೂ ಆಪರೇಷನ್ನನ್ನು ಹಾಸ್ಟೆಲ್ಲಿಗೆ ಗಂಟು ಹಾಕಿಬಿಟ್ಟಿದ್ದರು. ಹುಡುಗನಿಗೆ ಬೇಕಾಗಿದ್ದದ್ದು ಒಂದು ಚಿಲಕ. ಅವನ ಒಪ್ಪಿಗೆ ಕೇಳಿಯೇ ಇದನ್ನು ಅಮ್ಮನಿಗೆ ಹೇಳಿದೆ. ಅವರಿಗೆ ನೋವಾಯಿತು. "ಆರು ವರ್ಷ ನಾನೇ ಮಾಡಿದ್ದು ಮೇಡಂ. ಒಂದು ದಿನ ಬೇಜಾರು ಅಂದಿಲ್ಲ." ಆಮೇಲೆ ತಾವಾಗಿಯೇ ಹೇಳಿದರು: "ಈಗೀಗ ಎನಿಮಾ ಕೊಡೋವಾಗ ಮುಖದ ಮೇಲೆ ಟವೆಲ್ ಹಾಕ್ಕೊಂಡು ಮಲಗ್ತಾನೆ. ನಿದ್ದೆ ಬರ್ತಿದೆ ಅಂದ್ಕೊಂಡಿದ್ದೆ."

ನಾನು ಕೊಟ್ಟ ಸಲಹೆ ಎಲ್ಲರಿಗೂ ಹಿಡಿಸಲಿಲ್ಲ. ಸೀಟಿಗೋಸ್ಕರ ಆಪರೇಷನ್ ಬೇಡ ಅಂದೆ. ಸರ್ಜನ್ ಹತ್ತಿರ ಸಮಯ ಕೇಳಿ. ಈಗಿನಿಂದಲೇ ಉಪ್ಪುನೀರು ಅಳೆಯುವುದು, ಕಕ್ಕಸಿನಲ್ಲಿ ಕೂರುವುದು, ತೊಳೆದುಕೊಳ್ಳುವುದು ಅವನದೇ ಕೆಲಸವಾಗಲಿ. ಉಪ್ಪಿನ ಅಳತೆ ಡಾಕ್ಟರು ಹೇಳಿದಷ್ಟೇ, ಅದರಲ್ಲಿ ಅಂದಾಜು ಬೇಡ. ಅಮ್ಮ ಟ್ಯೂಬು ಹಾಕಿ ಹೊರಗೆ ಬರಲಿ. ಇದನ್ನು ಕೆಲವು ತಿಂಗಳು ನಡೆಸಿ, ಆಗಲೂ ಅವನು ಬೇಕು ಅಂದರೆ ಆಪರೇಷನ್ ಮಾಡಿಸಿ.

"ಬಡವರ ಮಗನಿಗೆ ಸಿಕ್ಕಿದ ಸೀಟು ಕಳೆದಿರಿ" ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಅಂದರು. ಬಿಟ್ಟದ್ದು ತಂದೆತಾಯಿ, ನಾನಲ್ಲ. ಆದರೂ ಹೇಳಿದ್ದು ನಾನೇ, ಅದನ್ನು ಒಪ್ಪುತ್ತೇನೆ. ವಸತಿ ಶಾಲೆ ಒಳ್ಳೆಯದೇ, ನಾನೇ ಎಷ್ಟೋ ಮಕ್ಕಳನ್ನು ಕಳಿಸಿದ್ದೇನೆ. ಆದರೆ ಈ ಆಪರೇಷನ್ ಆದವನು ದಿನಾ ಅಥವಾ ದಿನ ಬಿಟ್ಟು ದಿನ ಅರ್ಧದಿಂದ ಒಂದು ಗಂಟೆ ಕಕ್ಕಸಿನಲ್ಲಿ ಕೂರಬೇಕು. ಮೊದಲ ಕೆಲವು ವಾರ ಹೊಕ್ಕುಳಲ್ಲಿ ಟ್ಯೂಬು ಹಾಗೇ ಇರುತ್ತದೆ. ಆಮೇಲೆ ಟ್ಯೂಬು ಹಾಕುವುದನ್ನು ತಪ್ಪಿಸಿದರೆ ಬಾಯಿ ಕಿರಿದಾಗುತ್ತದೆ, ಬಿಟ್ಟೇಬಿಟ್ಟರೆ ಮುಚ್ಚಿಯೂ ಹೋಗಬಹುದು. ಹೊರಗೆ ಹುಡುಗರು ಬಕೆಟ್ ಹಿಡಿದು ಬಾಗಿಲು ಬಡಿಯುವ ಕಡೆ, ಆಪರೇಷನ್ ಆದ ಹೊಸದರಲ್ಲೇ ಇದನ್ನು ಯಾರು ಮಾಡುತ್ತಾರೆ? ಸಹಿ ದೊಡ್ಡವರದು ನಿಜ. ಅದಾದ ಮೇಲೆ ವರ್ಷಗಟ್ಟಲೆ ಕೆಲಸ ಮಗುವಿನದು. ಇನ್ನೊಬ್ಬರ ಆಸೆಗೆ ಒಪ್ಪಿಕೊಂಡ ಮಗು ಆ ಕೆಲಸವನ್ನು ಬಿಟ್ಟುಬಿಡುತ್ತದೆ ಅನ್ನುವುದು ನನ್ನ ನಂಬಿಕೆ.

ಇದನ್ನು ಓದಿ "ನಮ್ಮ ಮಗುವಿಗೂ ಈ ಆಪರೇಷನ್ ಮಾಡಿಸೋಣ" ಅಂತ ಹೊರಡುವವರಿಗೆ ಒಂದು ಮಾತು. ಚಡ್ಡಿ ಕೊಳೆ ಮಾಡಿಕೊಳ್ಳುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇರುವುದು ಹಳೇ ಮಲಬದ್ಧತೆ. ಒಳಗೆ ಗಟ್ಟಿ ಮಲ ತುಂಬಿ, ಅದರ ಪಕ್ಕದಿಂದ ತೆಳ್ಳಗಿನದು ಸೋರುತ್ತದೆ. ಮಗುವಿಗೆ ಗೊತ್ತೇ ಆಗುವುದಿಲ್ಲ. ಮನೆಯವರು ಭೇದಿ ಅಂದುಕೊಂಡು ಭೇದಿ ನಿಲ್ಲುವ ಮಾತ್ರೆ ಕೊಟ್ಟು ಇನ್ನೂ ಕೆಡಿಸುತ್ತಾರೆ, ಇಲ್ಲವೇ ಸೋಮಾರಿ ಅಂತ ಹೊಡೆಯುತ್ತಾರೆ. ಇವರಲ್ಲಿ ಬಹುಪಾಲು ಮಕ್ಕಳಿಗೆ ಆಪರೇಷನ್ ಬೇಕಿಲ್ಲ. ತಿಂಗಳುಗಟ್ಟಲೆ ಔಷಧಿ, ಊಟವಾದ ಮೇಲೆ ಕಕ್ಕಸಿನಲ್ಲಿ ಕೂರುವ ಅಭ್ಯಾಸ ಬೇಕು. ಗುದದ್ವಾರವಿಲ್ಲದೆ ಹುಟ್ಟಿದವರು, ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದವರು ಬೇರೆ. ಅಂಥ ಮಗುವಿಗೆ ಹೊಟ್ಟೆಯ ಯಾವುದೇ ಆಪರೇಷನ್ ಆಗುವುದಿದ್ದರೆ, ಅಪೆಂಡಿಕ್ಸ್ ಉಳಿಸಿಕೊಳ್ಳಬಹುದಾ ಅಂತ ಸರ್ಜನ್‌ರನ್ನು ಮೊದಲೇ ಕೇಳಿ. ಮುಂದೆ ಬೇಕಾಗಬಹುದು. ಅದಿಲ್ಲದಿದ್ದರೆ ಕರುಳಿನಿಂದಲೇ ಕೊಳವೆ ಮಾಡುತ್ತಾರೆ, ಆದರೆ ಇರುವುದನ್ನು ಬಳಸುವುದು ಸುಲಭ.

ಹುಡುಗನಿಗೆ ಮುಂದಿನ ಬೇಸಿಗೆ ರಜೆಯಲ್ಲಿ ಆಪರೇಷನ್ ಆಯಿತು. ಹೊಕ್ಕುಳಲ್ಲಿ ಆಗೊಮ್ಮೆ ಈಗೊಮ್ಮೆ ಸ್ವಲ್ಪ ಸೋರುತ್ತದಂತೆ, ಸಣ್ಣ ಪ್ಯಾಡ್ ಇಟ್ಟುಕೊಳ್ಳುತ್ತಾನೆ. ಅಪ್ಪನಿಗೆ ಸೀಟಿನ ಸಿಟ್ಟು ಇನ್ನೂ ಇದೆ. ಮೊನ್ನೆ ಅಮ್ಮ ಫೋನ್ ಮಾಡಿದ್ದರು. ಶಾಲೆಯಿಂದ ಎರಡು ದಿನದ ಪ್ರವಾಸ, ಕಳಿಸಬಹುದಾ ಅಂತ. ಸರ್ಜನ್‌ರನ್ನು ಒಂದು ಮಾತು ಕೇಳಿ ಕಳಿಸಿ, ಹೊರಡುವ ಹಿಂದಿನ ರಾತ್ರಿ ತೊಳೆದುಕೊಳ್ಳಲಿ, ಯಾರಾದರೂ ಒಬ್ಬ ಮೇಷ್ಟ್ರಿಗೆ ಗೊತ್ತಿರಲಿ, ಯಾರು ಅಂತ ಅವನೇ ಆರಿಸಲಿ ಅಂದೆ. ಅವನು ಪಿ.ಟಿ. ಮೇಷ್ಟ್ರನ್ನು ಆರಿಸಿಕೊಂಡ.