ಓದುಗರ ಪ್ರಶ್ನೆ: ‘1984’ ಓದುವಾಗ ಎಲ್ಲಿ ನಿಲ್ಲಬೇಕು, ಏನನ್ನು ಗಮನಿಸಬೇಕು

ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಕಾದಂಬರಿ ಪ್ರಕಟವಾದದ್ದು 1949ರ ಜೂನ್ 8ರಂದು, ಲಂಡನ್ನಿನಲ್ಲಿ. ಕಥೆ ನಡೆಯುವುದೂ ಅಲ್ಲೇ. ಆದರೆ ಕಥೆಯಲ್ಲಿ ಬ್ರಿಟನ್ನಿನ ಹೆಸರು ಏರ್‌ಸ್ಟ್ರಿಪ್ ಒನ್. ಓಶಿಯಾನಿಯಾ ಎಂಬ ದೈತ್ಯ ರಾಷ್ಟ್ರದ ಒಂದು ಪ್ರಾಂತ್ಯ ಅದು. ಆ ರಾಷ್ಟ್ರವನ್ನು ಬಿಗ್ ಬ್ರದರ್ ಎಂಬ ನಾಯಕನ ಹೆಸರಿನಲ್ಲಿ ಆಳುವುದು ‘ಪಕ್ಷ’. ಉತ್ತರಗಳಲ್ಲಿ ಕಥೆಯ ಕೊನೆಯೂ ಬರುತ್ತದೆ. ಇನ್ನೂ ಓದಿ ಮುಗಿಸದವರು ಮೊದಲು ಮುಗಿಸಿ ಬನ್ನಿ.

ಪ್ರಶ್ನೆ: ಎರಡನೇ ಭಾಗದಲ್ಲಿ ಕಥೆ ಓಡುತ್ತಿರುವಾಗಲೇ ಪಕ್ಷದ ಪರಮಶತ್ರು ಗೋಲ್ಡ್‌ಸ್ಟೈನ್‌ನ ‘ಪುಸ್ತಕ’ ಪುಟಗಟ್ಟಲೆ ಬಂದುಬಿಡುತ್ತದೆ. ಎರಡು ಸಲವೂ ಅಲ್ಲೇ ಓದು ನಿಂತುಹೋಯಿತು. ಅದನ್ನು ಬಿಟ್ಟು ಮುಂದೆ ಹೋದರೆ ನಷ್ಟವೇ?

ಮೊದಲ ಓದಿಗೆ ಬೇಕಾದರೆ ಬಿಟ್ಟು ಹೋಗಿ, ಆದರೆ ಅದರ ಕೊನೆಯ ಪುಟವನ್ನು ಬಿಡಬೇಡಿ. ಕಾದಂಬರಿಯ ಮೂರು ಭಾಗಗಳಲ್ಲಿ ಕ್ರಮವಾಗಿ 8, 10 ಮತ್ತು 6 ಅಧ್ಯಾಯಗಳಿವೆ. ನೀವು ಸಿಕ್ಕಿಬಿದ್ದಿರುವುದು ಎರಡನೇ ಭಾಗದ 9ನೇ ಅಧ್ಯಾಯದಲ್ಲಿ. ಅದರ ಬೀಜ ಇರುವುದು ಮೊದಲ ಭಾಗದ 7ನೇ ಅಧ್ಯಾಯದಲ್ಲಿ. ಅಲ್ಲಿ ಕಥಾನಾಯಕ ವಿನ್‌ಸ್ಟನ್ ಸ್ಮಿತ್ ತನ್ನ ದಿನಚರಿಯಲ್ಲಿ, ಇದೆಲ್ಲ ಹೇಗೆ ನಡೆಯುತ್ತಿದೆ ಎಂಬುದು ತಿಳಿದಿದೆ, ಏಕೆ ಎಂಬುದು ತಿಳಿದಿಲ್ಲ ಎಂಬರ್ಥದ ಸಾಲು ಬರೆಯುತ್ತಾನೆ. ಆ ಎರಡು ಪದಗಳನ್ನು ಗುರುತು ಹಾಕಿಕೊಂಡು ಮುಂದೆ ಓದಿ.

‘ಪುಸ್ತಕ’ದಲ್ಲಿ ಇರುವುದೆಲ್ಲ ‘ಹೇಗೆ’ಯ ವಿವರಣೆ. ಮೂರು ದೈತ್ಯ ರಾಷ್ಟ್ರಗಳು ಗೆಲ್ಲಲಾಗದ ಯುದ್ಧವನ್ನು ಹೇಗೆ ಮುಗಿಯದಂತೆ ನಡೆಸಿಕೊಂಡು ಹೋಗುತ್ತವೆ, ದುಡಿಮೆಯ ಫಲ ಜನರ ಕೈಸೇರದಂತೆ ಯುದ್ಧದಲ್ಲಿ ಅದನ್ನು ಹೇಗೆ ಸುಟ್ಟುಹಾಕುತ್ತಾರೆ ಎಂಬಂಥ ಸಂಗತಿಗಳು. ಕೊನೆಗೆ ಇದೆಲ್ಲದರ ಹಿಂದಿನ ಮೂಲ ಉದ್ದೇಶವೇನು ಎಂದು ಹೇಳಲು ಹೊರಡುವ ವಾಕ್ಯಕ್ಕೆ ಬಂದಾಗ, ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಪ್ರೇಯಸಿ ಜೂಲಿಯಾ ನಿದ್ದೆಹೋಗಿರುವುದು ವಿನ್‌ಸ್ಟನ್‌ಗೆ ಗೊತ್ತಾಗುತ್ತದೆ. ಪುಸ್ತಕ ಮುಚ್ಚಿಡುತ್ತಾನೆ. ‘ಏಕೆ’ಗೆ ಉತ್ತರ ಸಿಗುವುದು ಮೂರನೇ ಭಾಗದ 3ನೇ ಅಧ್ಯಾಯದಲ್ಲಿ, ಚಿತ್ರಹಿಂಸೆಯ ಕೋಣೆಯಲ್ಲಿ, ಪಕ್ಷದ ಉನ್ನತ ಅಧಿಕಾರಿ ಓಬ್ರಿಯನ್‌ನ ಬಾಯಿಂದ: ಪಕ್ಷಕ್ಕೆ ಅಧಿಕಾರ ಬೇಕಾಗಿರುವುದು ಅಧಿಕಾರಕ್ಕಾಗಿಯೇ, ಬೇರೆ ಯಾವುದಕ್ಕೂ ಅಲ್ಲ. ಆ ‘ಪುಸ್ತಕ’ ಬರೆದವರಲ್ಲಿ ತಾನೂ ಒಬ್ಬ ಎಂದೂ ಆತ ಹೇಳುತ್ತಾನೆ. ಅಷ್ಟು ತಿಳಿದ ಮೇಲೆ 9ನೇ ಅಧ್ಯಾಯಕ್ಕೆ ಹಿಂತಿರುಗಿ. ಬೇಸರ ತರಿಸಿದ್ದ ಅದೇ ಪುಟಗಳು ಈ ಸಲ ಮೈನಡುಗಿಸುತ್ತವೆ.

ಅಮೆರಿಕದ ಒಂದು ಪುಸ್ತಕ ಕ್ಲಬ್ ಈ ‘ಪುಸ್ತಕ’ದ ಭಾಗವನ್ನೂ ಕೊನೆಯ ಅನುಬಂಧವನ್ನೂ ತೆಗೆದರೆ ಮಾತ್ರ ಕಾದಂಬರಿಯನ್ನು ಆರಿಸಿಕೊಳ್ಳುವುದಾಗಿ ಕೇಳಿತ್ತು. ದೊಡ್ಡ ಮೊತ್ತ ಕೈತಪ್ಪುವ ಸಂಭವವಿದ್ದರೂ ಆರ್ವೆಲ್ ಒಪ್ಪಲಿಲ್ಲ. ಕೊನೆಗೆ ಕ್ಲಬ್ಬೇ ಮಣಿಯಿತು.

ಪ್ರಶ್ನೆ: ‘ಡಬಲ್‌ಥಿಂಕ್’ ಅಂದರೆ ಸುಳ್ಳು ಹೇಳುವುದಕ್ಕೆ ಇಟ್ಟ ಇನ್ನೊಂದು ಹೆಸರೇ?

ಅಲ್ಲ. ಸುಳ್ಳು ಹೇಳುವವನಿಗೆ ನಿಜ ಏನೆಂದು ಗೊತ್ತಿರುತ್ತದೆ. ಡಬಲ್‌ಥಿಂಕ್ ಎಂದರೆ ಒಂದಕ್ಕೊಂದು ವಿರುದ್ಧವಾದ ಎರಡು ಮಾತುಗಳನ್ನು ಒಟ್ಟಿಗೆ ನಂಬುವುದು, ಹಾಗೆ ನಂಬುತ್ತಿದ್ದೇನೆ ಎಂಬುದನ್ನೂ ಮರೆಯುವುದು. ಇದನ್ನು ವ್ಯಾಖ್ಯೆಯಿಂದ ಹಿಡಿಯಲು ಹೋದರೆ ಜಾರುತ್ತದೆ. ವಿನ್‌ಸ್ಟನ್‌ನ ಮೇಜಿನ ಬಳಿ ಹೋಗಿ ನಿಲ್ಲಿ. ಮೊದಲ ಭಾಗದ 4ನೇ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದಿ. ಇಡೀ ಕಾದಂಬರಿಯ ಬೀಗದ ಕೈ ಈ ಅಧ್ಯಾಯವೇ.

ಅವನ ಕೆಲಸ ಸತ್ಯ ಸಚಿವಾಲಯದ ದಾಖಲೆ ವಿಭಾಗದಲ್ಲಿ. ಗೂಡಿನಂಥ ಆ ಕೋಣೆಯ ಗೋಡೆಯಲ್ಲಿ ಮೂರು ತೂತುಗಳಿವೆ: ಚೀಟಿ ಬರುವ ಸಣ್ಣ ಕೊಳವೆ, ಪತ್ರಿಕೆ ಬರುವ ದೊಡ್ಡ ಕೊಳವೆ, ಮತ್ತು ಕಾಗದ ಎಸೆದರೆ ಬಿಸಿಗಾಳಿಯಲ್ಲಿ ಕುಲುಮೆಗೆ ಹೋಗುವ ‘ನೆನಪಿನ ಬಿಲ’. ಚೀಟಿ ಬರುತ್ತದೆ. ಅವನು ಆ ದಿನಾಂಕದ ‘ಟೈಮ್ಸ್’ ಪ್ರತಿಯನ್ನು ತರಿಸಿಕೊಳ್ಳುತ್ತಾನೆ. ಬದಲಾವಣೆಯನ್ನು ಬಾಯಲ್ಲಿ ಹೇಳಿದರೆ ಯಂತ್ರ ಬರೆದುಕೊಳ್ಳುತ್ತದೆ. ಅದನ್ನು ಪತ್ರಿಕೆಗೆ ಸಿಕ್ಕಿಸಿ ಕೊಳವೆಗೆ ಹಾಕುತ್ತಾನೆ. ಬಂದ ಚೀಟಿಯೂ ತಾನು ಮಾಡಿಕೊಂಡ ಟಿಪ್ಪಣಿಯೂ ಬಿಲಕ್ಕೆ. ಆಮೇಲೆ ಆ ಹಳೆಯ ಸಂಚಿಕೆಯನ್ನೇ ಹೊಸದಾಗಿ ಮುದ್ರಿಸಿ ಕಡತದಲ್ಲಿಟ್ಟು ಮೂಲ ಪ್ರತಿಯನ್ನು ನಾಶಮಾಡುತ್ತಾರೆ.

ಈಗ ಅಂಕಿಗಳನ್ನು ನೋಡಿ. ಒಂದು ತ್ರೈಮಾಸಿಕಕ್ಕೆ 14.5 ಕೋಟಿ ಜೊತೆ ಬೂಟು ತಯಾರಾಗುತ್ತದೆ ಎಂದು ಸಮೃದ್ಧಿ ಸಚಿವಾಲಯ ಮೊದಲೇ ಅಂದಾಜು ಮಾಡಿತ್ತು. ಆದದ್ದು 6.2 ಕೋಟಿ ಎಂದು ಪ್ರಕಟಣೆ. ವಿನ್‌ಸ್ಟನ್ ಹಳೆಯ ಅಂದಾಜನ್ನು 5.7 ಕೋಟಿಗೆ ಇಳಿಸುತ್ತಾನೆ, ಗುರಿ ಮೀರಿ ಸಾಧಿಸಿದೆವು ಎನ್ನಲು ಅನುಕೂಲವಾಗಲೆಂದು. ಬೂಟು ಒಂದೂ ತಯಾರಾಗಿರಲಿಕ್ಕಿಲ್ಲ ಎಂಬುದೂ ಅವನಿಗೆ ಗೊತ್ತು. ಬಹಳ ಓದುಗರು ಗಮನಿಸದ ಸಂಗತಿ ಇನ್ನೊಂದಿದೆ: ಚೀಟಿಯಲ್ಲಿ ಎಲ್ಲಿಯೂ ‘ತಿರುಚು’ ಎಂದಿರುವುದಿಲ್ಲ. ತಪ್ಪು ಅಚ್ಚಾಗಿದೆ, ತಪ್ಪಾಗಿ ಉಲ್ಲೇಖವಾಗಿದೆ, ಸರಿಪಡಿಸಿ ಎಂದೇ ಇರುತ್ತದೆ. ಆಜ್ಞೆ ಕೊಡುವವರೂ ತಮಗೆ ತಾವೇ ನಿಜ ಹೇಳಿಕೊಳ್ಳುವುದಿಲ್ಲ.

ಚಾಕೊಲೇಟ್ ಪ್ರಸಂಗವನ್ನೂ ಇದರ ಜೊತೆಗೇ ಓದಿಕೊಳ್ಳಿ. ಪಡಿತರ 30 ಗ್ರಾಂನಿಂದ 20ಕ್ಕೆ ಇಳಿಯುತ್ತದೆ ಎಂದು ಘೋಷಣೆಯಾಗಿ 24 ಗಂಟೆ ಕಳೆದಿರುತ್ತದೆ, ಅಷ್ಟೆ. ಪಡಿತರವನ್ನು 20 ಗ್ರಾಂಗೆ ಏರಿಸಿದ್ದಕ್ಕೆ ಜನ ಮೆರವಣಿಗೆಯಲ್ಲಿ ಬಿಗ್ ಬ್ರದರ್‌ಗೆ ಕೃತಜ್ಞತೆ ಹೇಳಿದರು ಎಂದು ಕ್ಯಾಂಟೀನಿನ ಟೆಲಿಸ್ಕ್ರೀನ್, ಅಂದರೆ ಸುದ್ದಿ ಬಿತ್ತರಿಸುತ್ತಲೇ ಎದುರಿನವರನ್ನು ಕಾಯುವ ಪರದೆ, ಸಾರುತ್ತದೆ. ಅದೇ ಮೇಜಿನಲ್ಲಿ ಸಹೋದ್ಯೋಗಿ ಪಾರ್ಸನ್ಸ್ ಇದನ್ನು ಸಲೀಸಾಗಿ ನಂಬುತ್ತಾನೆ. ಅವನಿಗೆ ನಿನ್ನೆಯದು ನೆನಪೇ ಇಲ್ಲ, ಅದು ಬರೀ ದಡ್ಡತನ. ಜೊತೆಗಿದ್ದ ಇನ್ನೊಬ್ಬ ಸಹೋದ್ಯೋಗಿ ಸೈಮ್ ಬುದ್ಧಿವಂತ. ಅವನಿಗೆ ನೆನಪಿರಲೇಬೇಕು, ಆದರೂ ನಂಬುತ್ತಾನೆ. ಡಬಲ್‌ಥಿಂಕ್ ಇರುವುದು ಸೈಮ್‌ನಲ್ಲಿ.

ಪ್ರಶ್ನೆ: ಪಕ್ಷ ಕಟ್ಟುತ್ತಿರುವ ಹೊಸ ಭಾಷೆ ನ್ಯೂಸ್‌ಪೀಕ್‌ನಲ್ಲಿ ಪದಗಳನ್ನು ಕಡಿಮೆ ಮಾಡಿದರೆ ಯೋಚನೆಯೇ ನಿಂತುಹೋಗುತ್ತದೆ ಎನ್ನುವುದು ಉತ್ಪ್ರೇಕ್ಷೆ ಅಲ್ಲವೇ?

ಭಾಷೆ ಯೋಚನೆಯನ್ನು ಪೂರ್ತಿ ಕಟ್ಟಿಹಾಕುತ್ತದೆ ಎಂಬುದನ್ನು ಇಂದಿನ ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಈ ಭಾಷೆಯನ್ನು ವಿವರಿಸುವ ಕೊನೆಯ ಅನುಬಂಧ ಹೇಳುವುದು ಇದಕ್ಕಿಂತ ಸೂಕ್ಷ್ಮವಾದ ಮಾತು. ನ್ಯೂಸ್‌ಪೀಕ್‌ನಲ್ಲಿ ‘ಕೆಟ್ಟದ್ದು’ ಎಂಬ ಪದ ಇರುವುದಿಲ್ಲ. ‘ಒಳ್ಳೆಯದು’ ಎಂಬುದಕ್ಕೇ ನಿಷೇಧದ ಉಪಸರ್ಗ ಹಚ್ಚಿ ಕೆಲಸ ನಡೆಸಬೇಕು. ಇದನ್ನು ಕನ್ನಡದಲ್ಲೇ ಮಾಡಿ ನೋಡಿ. ಅನ್ಯಾಯ, ದ್ರೋಹ, ಕ್ರೌರ್ಯ, ಮೋಸ, ಇವೆಲ್ಲವನ್ನೂ ಅಳಿಸಿ ಆ ಜಾಗದಲ್ಲಿ ‘ಅನೊಳ್ಳೆ’ ಎಂಬ ಒಂದೇ ಪದ ಇಡಿ. ‘ಅನ್ಯಾಯ’ ಎಂದರೆ ಯಾರೋ ಯಾರಿಗೋ ಮಾಡಿದ್ದು, ಅದಕ್ಕೆ ಉತ್ತರ ಕೇಳಬಹುದು. ‘ಅನೊಳ್ಳೆ’ ಎಂದರೆ ಬರೀ ಮುಖ ಸಿಂಡರಿಸಿದ ಹಾಗೆ. ಬಿಗ್ ಬ್ರದರ್ ಅನೊಳ್ಳೆ ಎಂದು ಹೇಳಲು ಅಡ್ಡಿಯಿಲ್ಲ, ಅದನ್ನು ವಾದಮಾಡಿ ಸಮರ್ಥಿಸಲು ಬೇಕಾದ ಪದಗಳೇ ಇಲ್ಲ ಎಂದು ಅನುಬಂಧವೇ ಹೇಳುತ್ತದೆ. ನಾಯಿಗೆ ಹೇನಿಲ್ಲ ಎನ್ನುವಾಗ ಬಳಸುವಷ್ಟರ ಮಟ್ಟಿಗೆ ‘ಮುಕ್ತ’ ಎಂಬ ಪದ ಉಳಿದಿರುತ್ತದೆ. ಪ್ರಜೆಗೆ ಹಚ್ಚುವ ಅರ್ಥದಲ್ಲಿ ಅಲ್ಲ. ಅಸಮಾಧಾನ ಸಾಯುವುದಿಲ್ಲ, ಮೂಕವಾಗುತ್ತದೆ.

ಪ್ರಶ್ನೆ: ಬಿಗ್ ಬ್ರದರ್ ನಿಜವಾಗಿ ಇದ್ದಾನೆಯೇ?

ಕಾದಂಬರಿ ಹೇಳುವುದಿಲ್ಲ. ಅವನನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ನನ್ನಂತೆಯೇ ಅವನೂ ಇದ್ದಾನೆಯೇ ಎಂದು ವಿನ್‌ಸ್ಟನ್ ಓಬ್ರಿಯನ್‌ನನ್ನು ಕೇಳಿದಾಗ, ಇಲ್ಲದಿರುವುದು ನೀನು ಎಂಬ ಉತ್ತರ ಬರುತ್ತದೆ.

ಪ್ರಶ್ನೆ: ಜನಸಂಖ್ಯೆಯ ಶೇ 85ರಷ್ಟಿರುವ ‘ಪ್ರೋಲ್’ಗಳ, ಅಂದರೆ ಪಕ್ಷದಲ್ಲಿಲ್ಲದ ದುಡಿಯುವ ಜನರ, ಮೇಲೆ ಅಷ್ಟು ಕಾವಲು ಏಕಿಲ್ಲ?

ಅವರಿಂದ ಭಯವಿಲ್ಲ ಎಂದು ಪಕ್ಷ ಎಣಿಸಿರುವುದರಿಂದ. ಬಹುಪಾಲು ಪ್ರೋಲ್‌ಗಳ ಮನೆಯಲ್ಲಿ ಟೆಲಿಸ್ಕ್ರೀನ್ ಕೂಡ ಇಲ್ಲ. ಎಲ್ಲರಿಗೂ ಮೇಲಿರುವ ಒಳಪಕ್ಷ ಶೇ 2ಕ್ಕಿಂತಲೂ ಕಡಿಮೆ. ಉಸಿರುಗಟ್ಟಿಸುವ ಕಣ್ಗಾವಲು ಇರುವುದು ನಡುವಿನ ಹೊರಪಕ್ಷದವರ ಮೇಲೆ, ಅಂದರೆ ಕಡತ, ಪತ್ರಿಕೆ, ನಿಘಂಟು ಕೈಯಲ್ಲಿರುವ ವಿನ್‌ಸ್ಟನ್‌ನಂಥ ನೌಕರರ ಮೇಲೆ. ಗುಟ್ಟು ಗೊತ್ತಿರುವವರು ಅವರೇ ತಾನೆ?

ಪ್ರಶ್ನೆ: ಇದು ರಷ್ಯಾದ ಕಥೆ ಎಂದು ಓದಿದರೆ ಸಾಕೇ?

ಸಾಲದು. ಸ್ಟಾಲಿನ್ ಕಾಲದ ಗುರುತುಗಳು ದಟ್ಟವಾಗಿವೆ, ನಿಜ. ಐದು ವರ್ಷದ ಯೋಜನೆಯನ್ನು ನಾಲ್ಕರಲ್ಲಿ ಮುಗಿಸಲು ಸೋವಿಯತ್ ಭಿತ್ತಿಪತ್ರಗಳಲ್ಲಿ ‘2+2=5’ ಎಂದು ಬರೆದಿದ್ದರು. ಕಾಲುವೆ ಬದಿಯ ಒಂದು ಚಿತ್ರದಲ್ಲಿ ಸ್ಟಾಲಿನ್ ಪಕ್ಕದಲ್ಲಿ ನಿಂತಿದ್ದ ರಹಸ್ಯ ಪೊಲೀಸ್ ಮುಖ್ಯಸ್ಥ ಯೆಜೋವ್‌ಗೆ 1940ರಲ್ಲಿ ಮರಣದಂಡನೆಯಾಯಿತು. ಚಿತ್ರದಲ್ಲಿ ಅವನಿದ್ದ ಜಾಗದಲ್ಲಿ ಆಮೇಲೆ ನೀರು ಮಾತ್ರ ಉಳಿಯಿತು. 1939ರ ಆಗಸ್ಟ್‌ನಲ್ಲಿ ಹಿಟ್ಲರನ ಜೊತೆ ಒಪ್ಪಂದ, 1941ರ ಜೂನ್‌ನಲ್ಲಿ ಯುದ್ಧ. ಭಾಷಣದ ನಡುವೆಯೇ ಶತ್ರು ದೇಶದ ಹೆಸರು ಬದಲಾಗುವ ದೃಶ್ಯ ಓದುವಾಗ ಇದು ನೆನಪಿರಲಿ.

ಆದರೆ ಆರ್ವೆಲ್ 1941ರಿಂದ 1943ರವರೆಗೆ ಬಿಬಿಸಿಯಲ್ಲಿ, ಭಾರತಕ್ಕೆ ಕಾರ್ಯಕ್ರಮ ಕಳಿಸುವ ವಿಭಾಗದಲ್ಲಿ, ಯುದ್ಧಕಾಲದ ಪ್ರಚಾರದ ಕೆಲಸ ಮಾಡಿದವರು. ಅವರ ಹೆಂಡತಿ ಐಲೀನ್ ಸೆನ್ಸಾರ್ ವಿಭಾಗದಲ್ಲಿದ್ದರು. ಇಂಗ್ಲಿಷ್ ಮಾತಾಡುವ ಜನ ಹುಟ್ಟಿನಿಂದಲೇ ಉಳಿದವರಿಗಿಂತ ಮೇಲಲ್ಲ ಎಂದು ತೋರಿಸಲು ಕಥೆಯನ್ನು ಬ್ರಿಟನ್ನಿನಲ್ಲಿ ಇಟ್ಟೆ ಎಂದು ಅವರೇ 1949ರಲ್ಲಿ ಸ್ಪಷ್ಟಪಡಿಸಿದ್ದಾರೆ. ಇದು ಸಮಾಜವಾದದ ಮೇಲಿನ ದಾಳಿ ಅಲ್ಲ ಎಂದೂ ಆಗಲೇ ಹೇಳಿದ್ದರು.

ಪ್ರಶ್ನೆ: ಕಥೆ ಸೋಲಿನಲ್ಲಿ ಮುಗಿದ ಮೇಲೆ ವ್ಯಾಕರಣದಂತಿರುವ ಅನುಬಂಧ ಏಕೆ?

ಅದರ ಕ್ರಿಯಾಪದಗಳನ್ನು ನೋಡಿ. ನ್ಯೂಸ್‌ಪೀಕ್ ಓಶಿಯಾನಿಯಾದ ಅಧಿಕೃತ ಭಾಷೆ ‘ಆಗಿತ್ತು’ ಎಂದು ಶುರುವಾಗುತ್ತದೆ, ಉದ್ದಕ್ಕೂ ಭೂತಕಾಲವೇ. ಬರೆದಿರುವುದು ನ್ಯೂಸ್‌ಪೀಕ್‌ನಲ್ಲಿ ಅಲ್ಲ, ಸಾಮಾನ್ಯ ಇಂಗ್ಲಿಷಿನಲ್ಲಿ. ಮೊದಲ ಅಧ್ಯಾಯದ ಅಡಿಟಿಪ್ಪಣಿಯೂ ಹಾಗೆಯೇ ಇದ್ದು, ಅಲ್ಲಿಂದಲೇ ಅನುಬಂಧಕ್ಕೆ ದಾರಿ ತೋರಿಸುತ್ತದೆ. ಹಾಗಾದರೆ ಪಕ್ಷ ಉರುಳಿದ ಮೇಲೆ ಯಾರೋ ವಿದ್ವಾಂಸರು ಇದನ್ನು ಬರೆದರೇ? ಭೂತಕಾಲ ಕಾದಂಬರಿಗಳ ರೂಢಿ ಮಾತ್ರ, ಅದಕ್ಕೆ ಅಷ್ಟು ಅರ್ಥ ಹಚ್ಚಬಾರದು ಎನ್ನುವ ವಿಮರ್ಶಕರೂ ಇದ್ದಾರೆ. ದೊಡ್ಡ ಮೊತ್ತವನ್ನು ಪಣಕ್ಕಿಟ್ಟು ಆರ್ವೆಲ್ ಉಳಿಸಿಕೊಂಡ ಪುಟಗಳಿವು ಎಂಬ ಕಾರಣಕ್ಕೆ ನಮ್ಮ ಒಲವು ಪಕ್ಷ ಉರುಳಿತು ಎಂಬ ಓದಿನ ಕಡೆಗೆ. ಬಿಗ್ ಬ್ರದರ್‌ನನ್ನು ಪ್ರೀತಿಸಿಬಿಟ್ಟ ವಿನ್‌ಸ್ಟನ್‌ನಲ್ಲಿ ಪುಸ್ತಕ ಮುಚ್ಚಬೇಡಿ, ಅನುಬಂಧದ ಕೊನೆಯ ವಾಕ್ಯದವರೆಗೆ ಹೋಗಿ. ಷೇಕ್ಸ್‌ಪಿಯರ್, ಮಿಲ್ಟನ್, ಡಿಕನ್ಸ್ ಮೊದಲಾದವರನ್ನು ನ್ಯೂಸ್‌ಪೀಕ್‌ಗೆ ತಿರುಗಿಸುವ ಕೆಲಸ ತುಂಬಾ ನಿಧಾನ. ಅದಕ್ಕೆ ಸಮಯ ಬೇಕಾಗಿತ್ತು ಎಂಬ ಕಾರಣಕ್ಕೇ ಹೊಸ ಭಾಷೆಯ ಪೂರ್ಣ ಜಾರಿಯನ್ನು 2050ರಷ್ಟು ದೂರಕ್ಕೆ ಇಟ್ಟಿದ್ದರು ಎಂದು ಅದು ಹೇಳುತ್ತದೆ.