ಬಿಸಿಲಿದ್ದಾಗ ಕಡಿಮೆ, ನಸುಕಿನಲ್ಲಿ ಜಾಸ್ತಿ: ಈ ಹೈಡ್ರೋಜನ್‌ದು ಉಲ್ಟಾ ಲೆಕ್ಕ ಯಾಕೆ?

ಪ್ರಶ್ನೆ: ಹಗಲಿನ ಬಿಸಿಲಿಗೆ ಮೇಲಿನ ವಾತಾವರಣ ಉಬ್ಬುತ್ತದೆ ಎಂದು ಓದಿದ್ದೆ. ಆದರೆ ಅಲ್ಲಿನ ಹೈಡ್ರೋಜನ್ ಮಾತ್ರ ಬೆಳಗಿನ ಜಾವ ಹೆಚ್ಚಿರುತ್ತದಂತೆ. ಹಗಲಲ್ಲಿ ಅದು ಬಾಹ್ಯಾಕಾಶಕ್ಕೆ ಹಾರಿಹೋಗುತ್ತದೆಯೇ?

ಉತ್ತರ: ಹಾರಿಹೋಗುವುದು ನಿಜ, ಸೆಕೆಂಡಿಗೆ ಸುಮಾರು 3 ಕಿಲೋದಷ್ಟು. ಆದರೆ ಹಗಲು ರಾತ್ರಿಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅದಲ್ಲ. ಹೈಡ್ರೋಜನ್ ಜಾಗ ಬದಲಾಯಿಸುತ್ತದೆ, ಅಷ್ಟೇ.

ಸುಮಾರು 500 ಕಿ.ಮೀ. ಮೇಲೆ ಗಾಳಿ ಎಷ್ಟು ತೆಳುವೆಂದರೆ, ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಅಪರೂಪ. ಮೇಲಕ್ಕೆ ಚಿಮ್ಮಿದ್ದು ಬಿಲ್ಲಿನ ಹಾಗೆ ಬಾಗಿ ದೂರದಲ್ಲೆಲ್ಲೋ ಇಳಿಯುತ್ತದೆ. ಕಾದ ಬಾಣಲೆಯ ನಡುವಿನಿಂದ ಸಾಸಿವೆ ಸಿಡಿದು ತಣ್ಣಗಿನ ಅಂಚಿಗೆ ಬೀಳುತ್ತದಲ್ವಾ, ಹಾಗೇ. ಹಗಲಿನ ಕಡೆ ಬಿಸಿ ಹೆಚ್ಚು, ಜಿಗಿತವೂ ದೊಡ್ಡದು. ರಾತ್ರಿಯ ಕಡೆ ಇಳಿದದ್ದಕ್ಕೆ ವಾಪಸ್ ಅಷ್ಟು ದೂರ ಜಿಗಿಯುವ ಕಸುವಿರುವುದಿಲ್ಲ. ಹಾಗಾಗಿ ಅಲ್ಲೇ ಸೇರಿಕೊಳ್ಳುತ್ತಾ ಹೋಗುತ್ತದೆ. ಅದರ ಕೆಳಗಿನ ಪದರದಲ್ಲಿ ಹಗಲಿನಿಂದ ರಾತ್ರಿಯ ಕಡೆಗೆ ಬೀಸುವ ಗಾಳಿಯೂ ಕೈಜೋಡಿಸುತ್ತದೆ. ಅತಿ ತಣ್ಣಗಿರುವುದು ಬೆಳಗಿನ ಜಾವ. ಆಗಲೇ ಹೈಡ್ರೋಜನ್ ಜಾಸ್ತಿ, ಮಧ್ಯಾಹ್ನದ ಸುಮಾರು ಎರಡು ಪಟ್ಟು.

ಆಕ್ಸಿಜನ್ ಪರಮಾಣು 16 ಪಟ್ಟು ಭಾರ. ಅದಕ್ಕೆ ಇಂಥ ಜಿಗಿತ ಆಗದು. ಬಿಸಿಯಾದಾಗ ಉಬ್ಬಿ ಮೇಲೇರುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ನೀವು ಓದಿದ್ದು ಅದರ ಕತೆ.

ಸೂರ್ಯನ 11 ವರ್ಷಗಳ ಏರಿಳಿತದಲ್ಲೂ ಹೈಡ್ರೋಜನ್‌ದು ಇದೇ ಉಲ್ಟಾ ಲೆಕ್ಕ. ಸೂರ್ಯ ತಣ್ಣಗೆ ಕೂತ ವರ್ಷಗಳಲ್ಲೇ ಅದು ಹೆಚ್ಚು. ಆದರೆ ಈ 11 ವರ್ಷಗಳ ಏರಿಳಿತದಲ್ಲಿ, ಬಾಹ್ಯಾಕಾಶಕ್ಕೆ ಹಾರಿಹೋಗುವುದಕ್ಕೂ ದೊಡ್ಡ ಪಾತ್ರವಿದೆ.

ಇದನ್ನು ನೋಡುವುದು ಹೇಗೆ? ಸೂರ್ಯನ ಬೆಳಕು ಬಿದ್ದಾಗ ಹೈಡ್ರೋಜನ್ 121.6 ನ್ಯಾನೊಮೀಟರ್‌ನ ಅತಿನೇರಳೆಯಲ್ಲಿ ಹೊಳೆಯುತ್ತದೆ. ನಮ್ಮ ಗಾಳಿ ಅದನ್ನು ನೆಲದವರೆಗೆ ಬಿಡುವುದಿಲ್ಲ. ಅದಕ್ಕೇ ಅಮೆರಿಕದ ವಿಜ್ಞಾನಿ ಜಾರ್ಜ್ ಕ್ಯಾರುಥರ್ಸ್ ಮಾಡಿದ ಕ್ಯಾಮೆರಾವನ್ನು 1972ರಲ್ಲಿ ಅಪೊಲೊ 16ರ ಯಾತ್ರಿಗಳು ಚಂದ್ರನ ಮೇಲೇ ನಿಲ್ಲಿಸಿ ಭೂಮಿಯ ಈ ಹೊಳಪನ್ನು ಸೆರೆಹಿಡಿದರು. ಕ್ಯಾಮೆರಾ ಇನ್ನೂ ಅಲ್ಲೇ ಇದೆ! ಕ್ಯಾರುಥರ್ಸ್ ಅವರದೇ ಹೆಸರಿನ ನಾಸಾ ನೌಕೆ 2025ರ ಸೆಪ್ಟೆಂಬರ್‌ನಲ್ಲಿ ಹೊರಟಿತು. ಸುಮಾರು 15 ಲಕ್ಷ ಕಿ.ಮೀ. ದೂರದಿಂದ ಇದನ್ನೇ ನೋಡುವುದು ಅದರ ಕೆಲಸ.

ಇದು ಸುಮ್ನೆ ಕುತೂಹಲಕ್ಕಲ್ಲ. ಸೌರ ಬಿರುಗಾಳಿ ಬಂದಾಗ ಭೂಮಿಯ ಸುತ್ತ ಸಿಕ್ಕಿಬೀಳುವ ಬಿಸಿ ಅಯಾನುಗಳು (ವಿದ್ಯುತ್ ಆವೇಶವಿರುವ ಕಣಗಳು) ಈ ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಆವೇಶ ಕಳೆದುಕೊಳ್ಳುತ್ತವೆ. ಆಮೇಲೆ ಭೂಮಿಯ ಕಾಂತಕ್ಷೇತ್ರ ಅವನ್ನು ಹಿಡಿದಿಡಲಾರದು. ಹೈಡ್ರೋಜನ್ ಎಷ್ಟಿದೆ ಎಂಬುದರ ಮೇಲೆ ಬಿರುಗಾಳಿ ಎಷ್ಟು ಬೇಗ ಇಳಿಯುತ್ತದೆ ಎಂಬುದೂ ನಿಂತಿದೆ.