ಅಡಿಕೆ ರೇಟಿಗೆ ಬಾಯಿ, ಯುದ್ಧಕ್ಕೆ ಬೀಗ

ಓದುಗರ ಪತ್ರ: "ಸಂಪಾದಕರೇ, ಮೊನ್ನೆ ರಾತ್ರಿ ನಮ್ಮ ಅಡಿಕೆ ಸುಲಿಯುವ ಚಪ್ಪರಕ್ಕೆ ಒಬ್ಬ ಅಭ್ಯರ್ಥಿ ಬಂದಿದ್ದರು. ಅಡಿಕೆ ರೇಟು, ಎಲೆಚುಕ್ಕಿ ರೋಗ, ಬಗರ್‌ಹುಕುಂ ಎಲ್ಲ ಪಟಪಟ ಹೇಳಿದರು. ಗಾಜಾ ಯುದ್ಧದ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಿದೆ. ಚಪ್ಪರದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸದ್ದೇ ನಿಂತುಹೋಯಿತು. ಅವರು ನೀರು ಕೇಳಿ ಕುಡಿದರು. 'ಶಾಂತಿ ಬೇಕು ಮೇಷ್ಟ್ರೇ, ಎಲ್ಲರೂ ಚೆನ್ನಾಗಿರಬೇಕು' ಎಂದು ಕಾರು ಹತ್ತಿದರು. ಇವರಿಗೆ ಧೈರ್ಯ ಕಡಿಮೆಯೋ, ಬುದ್ಧಿ ಜಾಸ್ತಿಯೋ? ನಿಮ್ಮ ಪತ್ರಿಕೆಯಾದರೂ ಇದನ್ನು ಯಾಕೆ ಕೇಳುವುದಿಲ್ಲ?" (ನಿವೃತ್ತ ಶಿಕ್ಷಕರು, ಹೊಸನಗರ ತಾಲ್ಲೂಕು)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಎರಡನೇ ಪ್ರಶ್ನೆ ಚುಚ್ಚಿತು. ಅದಕ್ಕೆ ಆಮೇಲೆ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ.

ಮೊದಲು ಆ ಮೆಟ್ಟುಗತ್ತಿಯ ವಿಷಯ. ನಾನೂ ಚಪ್ಪರದಲ್ಲಿ ಕೂತು ಬೆಳೆದವನೇ. ಸುಲಿಯುವವರು ಸುಮ್ನೆ ಕೈ ನಿಲ್ಲಿಸುವವರಲ್ಲ. ಡಬ್ಬಕ್ಕೆ ಇಷ್ಟು ಅಂತ ಕೂಲಿ, ಕೈ ನಿಂತರೆ ದುಡ್ಡು ನಿಂತ ಹಾಗೆ. ಊರ ಜಗಳ, ಮದುವೆ ಮಾತುಕತೆ, ಯಾರದೋ ಮನೆಯ ದನ ತಪ್ಪಿಸಿಕೊಂಡ ಕಥೆ, ಎಲ್ಲವೂ ಕತ್ತಿಯ ಸದ್ದಿನ ಜೊತೆಗೇ ನಡೆಯುತ್ತವೆ. ಹಾಗಿದ್ದೂ ಅವತ್ತು ಕೈ ನಿಂತಿತು ಅಂದರೆ ಅವರಿಗೆ ಬೇಕಿದ್ದದ್ದು ಗಾಜಾದ ಸುದ್ದಿ ಅಲ್ಲ. ಈ ಮನುಷ್ಯ ಯಾರ ಕಡೆ ಅನ್ನೋದು. ಅದು ಅಭ್ಯರ್ಥಿಗೂ ಗೊತ್ತಾಯಿತು. ಅದಕ್ಕೇ ನೀರು.

ಗಾಜಾ ಅಂತ ಶುರುವಾದ ಮಾತು ಶಿವಮೊಗ್ಗದಲ್ಲಿ ಗಾಜಾದಲ್ಲೇ ನಿಲ್ಲುವುದಿಲ್ಲ, ಅಲ್ವಾ? ಎರಡು ನಿಮಿಷಕ್ಕೆ ತುಂಗಾ ಸೇತುವೆ ದಾಟಿ ಯಾವ ಕೇರಿ, ಯಾವ ಬೂತು ಅನ್ನುವಲ್ಲಿಗೆ ಬಂದಿರುತ್ತದೆ. ಮಕ್ಕಳು ಸಾಯುತ್ತಿದ್ದಾರೆ ಅಂದರೆ ಒಂದು ಕಡೆಯವರು ಹಣೆಪಟ್ಟಿ ಹಚ್ಚುತ್ತಾರೆ. 2023ರ ಅಕ್ಟೋಬರ್ 7ರಂದು ಹಮಾಸ್ ಮಾಡಿದ್ದೇನು ಅಂತ ಕೇಳಿದರೆ ಇನ್ನೊಂದು ಕಡೆಯವರು. ಎರಡನ್ನೂ ಒಟ್ಟಿಗೆ ಹೇಳುವ ಒಳ್ಳೆಯತನ ತೋರಿಸಿದಿರೋ, ವಿಡಿಯೊದ ಮೊದಲರ್ಧ ಒಂದು ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಉಳಿದರ್ಧ ಇನ್ನೊಂದಕ್ಕೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮವರು ಹೇಳುತ್ತಾರಲ್ಲ, ಈಗ ಅದಕ್ಕೆ ಅರ್ಧ ನಿಮಿಷದ ವಿಡಿಯೊ ಸಾಕು.

ದೆಹಲಿಯನ್ನೇ ನೋಡಿ. 2023ರ ಅಕ್ಟೋಬರ್ 27ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಗಾಜಾ ನಿರ್ಣಯ ಬಂದಾಗ ಭಾರತ ಮತ ಹಾಕದೆ ಹೊರಗುಳಿಯಿತು. ಡಿಸೆಂಬರ್ 12ರಂದು ಕದನ ವಿರಾಮದ ಪರವಾಗಿ ಮತ ಹಾಕಿತು. ಎರಡೂ ಒಂದೇ ನಿರ್ಣಯ ಅಲ್ಲ, ಪದಗಳು ಬೇರೆ ಇದ್ದವು, ಅದಕ್ಕೆ ಸರ್ಕಾರ ಕಾರಣವನ್ನೂ ಕೊಟ್ಟಿತು. ಆದರೆ ಅಕ್ಟೋಬರಿನಲ್ಲಿ "ಮತ ಹಾಕದಿದ್ದದ್ದೇ ಸರಿ" ಅಂತ ಭಾಷಣ ಬಿಗಿದ ತಾಲ್ಲೂಕು ಮುಖಂಡ ಡಿಸೆಂಬರಿನಲ್ಲಿ ಎಲ್ಲಿ ಮುಖ ಇಟ್ಟುಕೊಳ್ಳಬೇಕು? ಬಾಯಿ ಮುಚ್ಚಿಕೊಂಡವನೇ ಬಚಾವ್.

ನಮ್ಮ ವ್ಯವಸ್ಥೆಯೂ ಬಾಯಿ ಮುಚ್ಚಿಕೊಳ್ಳುವವರಿಗೇ ಅನುಕೂಲ. ಯುದ್ಧಕ್ಕೆ ಇಳಿಯುವ ಮೊದಲು ಸಂಸತ್ತಿನಲ್ಲಿ ಮತಕ್ಕೆ ಹಾಕಬೇಕು ಅಂತ ನಮ್ಮ ಸಂವಿಧಾನ ಎಲ್ಲೂ ಹೇಳುವುದಿಲ್ಲ. ತೀರ್ಮಾನ ಸಂಪುಟದ್ದು. ಬೇರೆ ವಿಷಯಗಳಲ್ಲಿ ಮತಕ್ಕೆ ಬಂದರೂ 1985ರ ಪಕ್ಷಾಂತರ ನಿಷೇಧ ಕಾನೂನಿನಿಂದಾಗಿ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿದವರ ಸದಸ್ಯತ್ವವೇ ಹೋಗಬಹುದು. ಹಾಗಾಗಿ ನಮ್ಮ ಎಂಪಿ ಯುದ್ಧದ ಬಗ್ಗೆ ಏನು ಅಂದುಕೊಂಡಿದ್ದಾರೆ ಅನ್ನುವುದಕ್ಕೆ ಮತದ ದಾಖಲೆಯೇ ಹುಟ್ಟುವುದಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತೋ ಅವರ ಮನೆದೇವರಿಗೇ ಗೊತ್ತು.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಯುದ್ಧದ ವಿಷಯ ಮತಕ್ಕೆ ಬಂದರೆ ಯಾರು ಏನು ಅಂದರು ಅನ್ನುವುದು ಹೆಸರು ಸಮೇತ ದಾಖಲಾಗುತ್ತದೆ. ಅದರಿಂದ ಧೈರ್ಯ ಜಾಸ್ತಿ ಆಯಿತಾ ಅಂದರೆ, ಇಲ್ಲಿ ಸ್ವಲ್ಪ ನಿಂತು ನೋಡಬೇಕು.

1991ರ ಜನವರಿಯಲ್ಲಿ ಕುವೈತ್ ಬಿಡಿಸುವ ಯುದ್ಧಕ್ಕೆ ಅಲ್ಲಿನ ಮೇಲ್ಮನೆ ಸೆನೆಟ್ ಒಪ್ಪಿದ್ದು 52-47ರಲ್ಲಿ. ಡೆಮಾಕ್ರಟಿಕ್ ಪಕ್ಷದ ಬಹುತೇಕರು ಬೇಡ ಅಂದರು, ಅವರಲ್ಲಿ ಜಾನ್ ಕೆರಿಯೂ ಒಬ್ಬರು, ಜೋ ಬೈಡನ್ ಕೂಡ. ಯುದ್ಧ ಬೇಗ ಮುಗಿಯಿತು. ನೆಲದ ಮೇಲಿನ ಕಾದಾಟ 100 ಗಂಟೆ ಅಷ್ಟೇ. ಬೇಡ ಅಂದವರು ಪೆದ್ದರ ಹಾಗೆ ಕಂಡರು. ಆ ಪೆಟ್ಟು ನೆನಪಿನಲ್ಲಿ ಇಟ್ಟುಕೊಂಡೇ ಅವರೆಲ್ಲ 2002ರ ಅಕ್ಟೋಬರಿಗೆ ಬಂದರು. ಈ ಸಲ ಇರಾಕ್. ಸೆನೆಟ್‌ನಲ್ಲಿ 77-23. ಕೆರಿ ಹೂಂ, ಬೈಡನ್ ಹೂಂ, ಹಿಲರಿ ಕ್ಲಿಂಟನ್ ಹೂಂ. ಅವತ್ತು ಸೆನೆಟ್‌ನಲ್ಲಿದ್ದು, 2004 ಮತ್ತು 2008ರಲ್ಲಿ ಅಧ್ಯಕ್ಷ ಪಟ್ಟಕ್ಕೆ ಓಡಿದ ಆ ಪಕ್ಷದವರಲ್ಲಿ ಒಬ್ಬ ಬಾಬ್ ಗ್ರಹಾಂ ಬಿಟ್ಟು ಉಳಿದವರೆಲ್ಲ ಹೂಂ. ಗ್ರಹಾಂ ಆಗ ಬೇಹುಗಾರಿಕೆ ಸಮಿತಿಯ ಅಧ್ಯಕ್ಷರು. ಅಂದರೆ ಗುಟ್ಟಿನ ಕಡತಗಳ ಹತ್ತಿರ ಇದ್ದವರೇ ಬೇಡ ಅಂದರು, ಇದನ್ನು ಯಾಕೋ ಜನ ಜಾಸ್ತಿ ನೆನಪಿಟ್ಟುಕೊಂಡಿಲ್ಲ.

ಆಮೇಲೆ ಕೆರಿ ಪಾಡು ನೋಡಿ. ಯುದ್ಧ ಕೆಟ್ಟಿತು. 2003ರಲ್ಲಿ ಇರಾಕ್ ಮತ್ತು ಅಫ್ಘಾನಿಸ್ತಾನಕ್ಕೆ 8,700 ಕೋಟಿ ಡಾಲರ್ ಕೇಳಿದಾಗ ಅವರು ವಿರುದ್ಧ ಮತ ಹಾಕಿದರು. ಮರುವರ್ಷ ಬುಷ್ ಎದುರು ಅಧ್ಯಕ್ಷ ಪಟ್ಟಕ್ಕೆ ನಿಂತಾಗ ಪ್ರಚಾರದಲ್ಲಿ ಯಾರೋ ಕೇಳಿದ್ದಕ್ಕೆ, ವಿರುದ್ಧ ಹಾಕುವ ಮೊದಲು ಪರವಾಗಿಯೂ ಹಾಕಿದ್ದೆ ಅಂದುಬಿಟ್ಟರು. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ, ಮೊದಲು ಬೇರೆ ರೂಪದ ಪ್ರಸ್ತಾವಕ್ಕೆ ಒಪ್ಪಿದ್ದರು. ಆದರೆ ಬುಷ್ ಕಡೆಯವರು ಆ ಒಂದು ಸಾಲನ್ನು ಜಾಹೀರಾತು ಮಾಡಿ ಊರೆಲ್ಲ ತೋರಿಸಿದರು. ವಿಯೆಟ್ನಾಂನಲ್ಲಿ ಗುಂಡಿನ ಮಧ್ಯೆ ನಿಂತು ಪದಕ ತಂದ ಮನುಷ್ಯ, ವ್ಯಾಕರಣದಲ್ಲಿ ಸೋತ. ಪಾಪ ಅನ್ನಿಸುತ್ತದೆ ನನಗೆ, ಪೂರ್ತಿ ಅಲ್ಲ.

ಬೇಡ ಅಂತ ಮೊದಲೇ ಹೇಳಿದವರು ಇನ್ನೊಬ್ಬರಿದ್ದರು, ಬರಾಕ್ ಒಬಾಮ. 2002ರ ಅಕ್ಟೋಬರ್ 2, ಶಿಕಾಗೊ ಸಭೆ. ಎಲ್ಲ ಯುದ್ಧಕ್ಕೂ ನಾನು ವಿರೋಧಿ ಅಲ್ಲ, ಪೆದ್ದ ಯುದ್ಧಕ್ಕೆ ವಿರೋಧಿ ಅಂದರು. 2008ರಲ್ಲಿ ಹಿಲರಿ ಅವರನ್ನು ಹಿಂದೆ ಹಾಕಲು ಆ ಭಾಷಣ ಬಹಳ ಕೆಲಸಕ್ಕೆ ಬಂತು. ಆದರೆ ಮೇಷ್ಟ್ರೇ, ಅವತ್ತು ಅವರು ಇಲಿನಾಯ್ ರಾಜ್ಯದ ಶಾಸಕ ಮಾತ್ರ, ನಮ್ಮ ಎಂಎಲ್‌ಸಿ ಇದ್ದ ಹಾಗೆ ಅಂದುಕೊಳ್ಳಿ. ಯುದ್ಧದ ಮೇಲೆ ಮತ ಹಾಕುವ ಕಷ್ಟ ಅವರಿಗೆ ಇರಲಿಲ್ಲ. ಅವರ ಕ್ಷೇತ್ರದ ಜನಕ್ಕೂ ಆ ಮಾತು ಕಹಿಯೇನಲ್ಲ. ಹಾಗಂತ ಭಾಷಣ ಸುಳ್ಳಾಗುವುದಿಲ್ಲ. ಅದರ ಬೆಲೆ ಅವರಿಗೆ ಅಗ್ಗಕ್ಕೆ ಬಿತ್ತು ಅಂತಷ್ಟೇ ನಾನು ಹೇಳುತ್ತಿರುವುದು. ದುಬಾರಿ ಬೆಲೆ ಕೊಟ್ಟವರೂ ಇದ್ದಾರೆ: 1964ರಲ್ಲಿ ವಿಯೆಟ್ನಾಂ ನಿರ್ಣಯಕ್ಕೆ ಸೆನೆಟ್‌ನಲ್ಲಿ ಬೇಡ ಅಂದವರು ಇಬ್ಬರೇ, 1968ರಲ್ಲಿ ಇಬ್ಬರೂ ಸ್ಥಾನ ಕಳೆದುಕೊಂಡರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಧ್ಯಕ್ಷರಿಗೆ ಯುದ್ಧದ ಅಧಿಕಾರ ಕೊಡುವಾಗ ಕೆಳಮನೆಯಲ್ಲಿ 420 ಜನರ ಎದುರು ಒಬ್ಬರೇ ಬೇಡ ಅಂದ ಬಾರ್ಬರಾ ಲೀ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಅವರ ಕ್ಷೇತ್ರ ಮಾತ್ರ ಅವರನ್ನು ಮತ್ತೆ ಮತ್ತೆ ಗೆಲ್ಲಿಸಿತು.

ನಮ್ಮ ಸಂಸತ್ತಿನ ಜಾಣತನಕ್ಕೂ ಒಂದು ನಮೂನೆ ಕೊಡುತ್ತೇನೆ, ನೀವು ಭಾಷೆ ಕಲಿಸಿದವರು, ಇಷ್ಟವಾಗಬಹುದು. ಅದೇ ಇರಾಕ್ ಯುದ್ಧ, 2003. ವಿರೋಧ ಪಕ್ಷದವರಿಗೆ 'ಖಂಡಿಸುತ್ತೇವೆ' ಅನ್ನುವ ಗಟ್ಟಿ ಪದ ಬೇಕಿತ್ತು. ವಾಜಪೇಯಿ ಸರ್ಕಾರಕ್ಕೆ 'ವಿಷಾದಿಸುತ್ತೇವೆ' ಅನ್ನುವ ಮೆತ್ತನೆಯ ಪದ ಸಾಕಿತ್ತು. ಕೊನೆಗೆ ಹಿಂದಿಯ 'ನಿಂದಾ' ಅನ್ನುವ ಪದ ಹುಡುಕಿದರು. ಬೇಕಾದವರು ಅದನ್ನು ಗಟ್ಟಿಯಾಗಿ ಓದಿಕೊಳ್ಳಬಹುದು, ಬೇಡದವರು ಮೆತ್ತಗೆ. ಏಪ್ರಿಲ್ 8ರಂದು ಲೋಕಸಭೆ ಒಮ್ಮತದಿಂದ ನಿರ್ಣಯ ಮಾಡಿತು. ಮರುದಿನ ಬಾಗ್ದಾದ್ ಬಿತ್ತು. ಆದರೂ ಸುಮ್ನೆ ನಗಬೇಡಿ. ಇರಾಕಿಗೆ ನಿಮ್ಮ ಸೈನ್ಯ ಕಳಿಸಿ ಅಂತ ಅಮೆರಿಕ ಕೇಳಿತ್ತು, ಆ ಜುಲೈನಲ್ಲಿ ಭಾರತ ಆಗುವುದಿಲ್ಲ ಅಂದಿತು. ಆ ನಿರ್ಣಯವೂ ಸರ್ಕಾರದ ಬೆನ್ನಿಗೆ ಇತ್ತು. ಮೆತ್ತಗಿನ ಪದವೂ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತದೆ.

ಇದು ದೂರದ ಯುದ್ಧದ ಮಾತಾಯಿತು. ಹತ್ತಿರದ್ದಾದರೆ? 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಸತ್ತ 26 ಮಂದಿಯಲ್ಲಿ ಶಿವಮೊಗ್ಗದವರೂ ಇದ್ದರು. ಆಗ ಯಾರೂ ನೀರು ಕೇಳಲಿಲ್ಲ. ಎಲ್ಲ ಪಕ್ಷದವರೂ ಮೈಕು ಸಿಕ್ಕಲ್ಲೆಲ್ಲ ಮಾತಾಡಿದರು. ಅದರಲ್ಲಿ ದುಃಖ ನಿಜವೇ ಇತ್ತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಊರಿಗೆ ಊರೇ ಒಂದೇ ಮಾತು ಆಡುವಾಗ ಅದನ್ನೇ ಗಟ್ಟಿಯಾಗಿ ಆಡುವುದಕ್ಕೆ ಅಭ್ಯರ್ಥಿಗೆ ಏನೂ ಖರ್ಚಿಲ್ಲ. ಅದೇ ಹೊತ್ತಿನಲ್ಲಿ ಅಲ್ಲಿ ಕಾವಲು ಯಾಕೆ ಇರಲಿಲ್ಲ ಅಂತ ಕೇಳುವುದಕ್ಕೆ ಖರ್ಚಿದೆ.

ಯುದ್ಧದಿಂದ ಓಟು ಬರುತ್ತದೆ ಅನ್ನುವ ಲೆಕ್ಕವೂ ಯಾವಾಗಲೂ ಕೂಡಿ ಬರುವುದಿಲ್ಲ. ಕಾರ್ಗಿಲ್ ಯುದ್ಧ ಮುಗಿದದ್ದು 1999ರ ಜುಲೈನಲ್ಲಿ, ಚುನಾವಣೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ವಾಜಪೇಯಿ ಮತ್ತೆ ಪ್ರಧಾನಿ ಆದರು ನಿಜ, ಆದರೆ ಬಿಜೆಪಿಗೆ ಬಂದದ್ದು 182, ಹಿಂದಿನ ವರ್ಷವೂ 182. ಕರ್ನಾಟಕದಲ್ಲಿ 13 ಇದ್ದದ್ದು 7ಕ್ಕೆ ಇಳಿಯಿತು. ನಮ್ಮ ಶಿವಮೊಗ್ಗದಲ್ಲಿ 1998ರಲ್ಲಿ ಗೆದ್ದವರು ಬಿಜೆಪಿಯ ಆಯನೂರು ಮಂಜುನಾಥ್, 1999ರಲ್ಲಿ ಕಾಂಗ್ರೆಸ್‌ನಿಂದ ಬಂಗಾರಪ್ಪ. ಜೆ.ಎಚ್. ಪಟೇಲರ ಸರ್ಕಾರದ ಮೇಲಿನ ಸಿಟ್ಟು, ಅವರ ಬಣದ ಜೊತೆ ಬಿಜೆಪಿ ಮಾಡಿಕೊಂಡ ಹೊಂದಾಣಿಕೆ, ಬಂಗಾರಪ್ಪನವರ ಸ್ವಂತ ವರ್ಚಸ್ಸು, ಇವೇ ಇಲ್ಲಿ ನಡೆದವು. ಗೋಡೆಗಳ ಮೇಲೆಲ್ಲ ಕಾರ್ಗಿಲ್ ಇತ್ತು. ಪೆಟ್ಟಿಗೆಯೊಳಗೆ ಬೇರೆ ಏನೋ ಇತ್ತು.

ಈಗ ನಿಮ್ಮ ಎರಡನೇ ಪ್ರಶ್ನೆ. ಅದೇ 1999ರಲ್ಲಿ ನಾನು ಒಂದು ಸಣ್ಣ ಪತ್ರಿಕೆಯಲ್ಲಿ ವರದಿಗಾರ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಪಕ್ಷೇತರ ಅಭ್ಯರ್ಥಿ ಸಿಕ್ಕಿದರು, ಕೈಯಲ್ಲಿ ಅವರೇ ಹಂಚುತ್ತಿದ್ದ ಕರಪತ್ರ, ಮಳೆಗೆ ಅರ್ಧ ಒದ್ದೆ. ಕಾರ್ಗಿಲ್ ಬಗ್ಗೆ ಕೇಳಿದೆ. "ಗೆದ್ದವರು ಸೈನಿಕರು. ಪಾಕಿಸ್ತಾನದವರು ಬಂದು ಗುಡ್ಡದ ಮೇಲೆ ಕೂರುವ ತನಕ ದೆಹಲಿಯಲ್ಲಿ ಯಾರು ಮಲಗಿದ್ದರು ಅಂತ ಕೇಳಬಾರದಾ?" ಅಂದರು. ಬರೆದುಕೊಂಡೆ. ರಾತ್ರಿ ವರದಿ ಮಾಡುವಾಗ ಹೊಡೆದು ಹಾಕಿದೆ. ಪಾಪ, ಠೇವಣಿ ಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಠೇವಣಿ ಹೇಗೂ ಹೋಯಿತು. ನಿಜ ಹೇಳಬೇಕೆಂದರೆ ಮರುದಿನ ಕಚೇರಿಗೆ ಬರುವ ಫೋನ್‌ಗಳಿಗೆ ನಾನು ಹೆದರಿದ್ದೆ. ಆಮೇಲೆ ಕಾರ್ಗಿಲ್ ಬಗ್ಗೆ ಸರ್ಕಾರವೇ ನೇಮಿಸಿದ ಕೆ. ಸುಬ್ರಹ್ಮಣ್ಯಂ ಸಮಿತಿ ಅದೇ ಪ್ರಶ್ನೆ ಹಿಡಿದು ಕೂತು, ನುಸುಳುವಿಕೆ ನಮಗೆ ಪೂರ್ತಿ ಅನಿರೀಕ್ಷಿತವಾಗಿತ್ತು ಅಂತ ಬರೆಯಿತು. ಆ ವರದಿಯ ಸುದ್ದಿಯನ್ನು ನಾವು ಒಳಪುಟದಲ್ಲಿ ಹಾಕಿದೆವು. ಆ ಮನುಷ್ಯ ಪೇಪರು ಹಿಡಿದುಕೊಂಡು ಬಂದು "ನಾನು ಹೇಳಿದ್ದು ಎಲ್ಲಿ ಸಾರ್?" ಅಂತ ಮಾತ್ರ ಕೇಳಿದರು. ಕಾಫಿ ತರಿಸಿದೆ. ಬೇರೆ ಉತ್ತರ ಇರಲಿಲ್ಲ.

ಹಾಗಾಗಿ ಅಭ್ಯರ್ಥಿಗಳು ಹೆದರುಪುಕ್ಕಲರು ಅಂತ ಬರೆಯಲು ನನಗೆ ಕೈ ಬರುವುದಿಲ್ಲ. ಎಚ್ಚರಿಕೆ ತಪ್ಪು ಅಂತಲೂ ನನಗೆ ಅನ್ನಿಸುವುದಿಲ್ಲ. ಗಾಜಾ ವಿಷಯ ಸರಿಯಾಗಿ ಓದದ ಮನುಷ್ಯ ನಿಮ್ಮ ಚಪ್ಪರದಲ್ಲಿ ನಿಂತು ತೀರ್ಪು ಕೊಡುವುದಕ್ಕಿಂತ "ಗೊತ್ತಿಲ್ಲ ಮೇಷ್ಟ್ರೇ, ಓದಿ ಹೇಳುತ್ತೇನೆ" ಅಂದಿದ್ದರೆ ನಾನಾದರೆ ಓಟು ಹಾಕುತ್ತಿದ್ದೆ. ನನಗೆ ಕಿರಿಕಿರಿ ಆಗುವುದು ಆ ಶಾಂತಿಯ ಮಾತಿಗೆ. ಯುದ್ಧ ಈ ಕಡೆ ತಿರುಗಿದರೂ, ಆ ಕಡೆ ತಿರುಗಿದರೂ, ನಾಳೆ ಬೆಳಗ್ಗೆಯೇ ನಿಂತರೂ "ನಾನು ಅವತ್ತೇ ಹೇಳಿದ್ದೆ" ಅನ್ನಲು ಬರುತ್ತದೆ ಅದು. ಕೆರಿ ಹೇಳಿದ್ದನ್ನು ಹಿಡಿದು ಬಯ್ಯಲಾದರೂ ಬಂತು. ಇದನ್ನು ಹಿಡಿಯಲು ಜಾಗವೇ ಇಲ್ಲ, ಎಣ್ಣೆ ಹಚ್ಚಿಕೊಂಡ ಪೈಲ್ವಾನನ ಹಾಗೆ.

ಅವರು ಇನ್ನೊಂದು ಸಲ ಬಂದೇ ಬರುತ್ತಾರೆ, ಸುಲಿತ ಮುಗಿದಿರುವುದಿಲ್ಲ. ಆಗ ಯಾರ ಕಡೆ ಅಂತ ಕೇಳಬೇಡಿ. 2023ರ ಅಕ್ಟೋಬರ್ 27ರಂದು ವಿಶ್ವಸಂಸ್ಥೆಯಲ್ಲಿ ನಿಮ್ಮ ಕೈಯಲ್ಲಿ ಮತ ಇದ್ದಿದ್ದರೆ ಹೂಂ ಅನ್ನುತ್ತಿದ್ದಿರಾ, ಊಹೂಂ ಅನ್ನುತ್ತಿದ್ದಿರಾ, ಸುಮ್ಮನಿರುತ್ತಿದ್ದಿರಾ, ಇಷ್ಟು ಕೇಳಿ. ಯಾಕೆ ಅಂತ ಇನ್ನೊಂದು ಮಾತು. ಉತ್ತರವನ್ನು ಪೂರ್ತಿ ಬರೆದು ಕಳಿಸಿ. ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅಂತಲೇ ಹಾಕುತ್ತೇವೆ, ಒಂದು ಅಕ್ಷರ ಹೊಡೆಯುವುದಿಲ್ಲ. ಜಿಲ್ಲೆಯ ಉಳಿದ ಅಭ್ಯರ್ಥಿಗಳಿಗೂ ಇದೇ ಪ್ರಶ್ನೆಯನ್ನು ನಮ್ಮ ಹುಡುಗರು ಮುಂದಿನ ವಾರದಿಂದ ಕೇಳುತ್ತಾರೆ. ಫೋನ್‌ಗಳು ಬಂದರೆ ಈ ಸಲ ನಾನೇ ಎತ್ತುತ್ತೇನೆ.

ಮತ್ತೆ, ಆಗಲೂ ಮೆಟ್ಟುಗತ್ತಿ ನಿಂತಿತಾ ಅಂತ ಮರೆಯದೆ ಬರೆಯಿರಿ.